ಮಧುಮೇಹವೂ ಶ್ವಾನಸಾಕ್ಷ್ಯವೂ

ಮನುಷ್ಯನ ಅರಿವಿಗೆ ಬರುವ ಮೊದಲೇ ರೋಗದ ಸುಳಿವು ಪ್ರಾಣಿಗಳಿಗೆ ಸಿಕ್ಕುವುದೆಂಬುದು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಹೊಸ ಸಂಗತಿಯೇನೂ ಅಲ್ಲ. ಚರಕಸಂಹಿತೆಯ ನಿದಾನಸ್ಥಾನದಲ್ಲಿ ಪ್ರಮೇಹದ ಪೂರ್ವರೂಪಗಳನ್ನು ಎಣಿಸುವಾಗ, ರೋಗಿಯ ಮೈಗೂ ಮೂತ್ರಕ್ಕೂ ದುಂಬಿ ಇರುವೆಗಳು ಮುತ್ತುವುದನ್ನು ಒಂದು ಲಕ್ಷಣವನ್ನಾಗಿ ಹೇಳಿದೆ. ಇರುವೆಗೆ ವೈದ್ಯವು ತಿಳಿಯದು. ಸಿಹಿಯು ಮಾತ್ರ ತಿಳಿಯುತ್ತದೆ. ಆ ಅಲ್ಪಪ್ರಾಣಿಯ ನಡೆಯನ್ನು ಕಂಡು, ಅದರಿಂದ ದೇಹದೊಳಗಣ ವಿಕಾರವನ್ನು ಊಹಿಸಿದ್ದು ಪ್ರಾಚೀನರ ಜಾಣ್ಮೆ. ಸುಶ್ರುತನು ಪ್ರಮೇಹವನ್ನು ಸಹಜ, ಅಪಥ್ಯನಿಮಿತ್ತ ಎಂದು ಎರಡಾಗಿ ವಿಂಗಡಿಸಿ, ಮೊದಲನೆಯದರಲ್ಲಿ ರೋಗಿಯು ಕೃಶನಾಗಿಯೂ ಎರಡನೆಯದರಲ್ಲಿ ಸ್ಥೂಲನಾಗಿಯೂ ಇರುವನೆಂದು ಬರೆದನು. ಇಂದಿನ ವೈದ್ಯರು ಮಧುಮೇಹವನ್ನು ಮೊದಲನೆಯ ಬಗೆ, ಎರಡನೆಯ ಬಗೆ ಎಂದು ವಿಭಾಗಿಸುವುದಕ್ಕೂ ಇದಕ್ಕೂ ಕೊಂಚ ಹೋಲಿಕೆಯುಂಟು. ಎರಡೂ ಒಂದೇ ಎಂದು ಮಾತ್ರ ಸಾಧಿಸಲಾಗದು. ಯೂರೋಪಿನಲ್ಲಿ ಹದಿನೇಳನೆಯ ಶತಮಾನದ ಆಂಗ್ಲ ವೈದ್ಯ ಥಾಮಸ್ ವಿಲ್ಲಿಸನು ರೋಗಿಯ ಮೂತ್ರವು ಜೇನಿನಂತೆ ಸಿಹಿಯಾಗಿರುವುದೆಂದು ಬರೆದನು. ಆ ಸಿಹಿಯು ಸಕ್ಕರೆಯದೇ ಎಂಬುದನ್ನು ಮ್ಯಾಥ್ಯೂ ಡಾಬ್ಸನ್ ಎಂಬಾತನು ೧೭೭೬ರಲ್ಲಿ ಪ್ರಯೋಗದಿಂದ ತೋರಿಸಿದನು.

ಹೀಗೆ ಎರಡು ಸಾವಿರ ವರ್ಷಗಳ ಕಾಲ ಮಧುಮೇಹವೆಂದರೆ ಸಕ್ಕರೆಯ ಅತಿರೇಕವೆಂದೇ ಲೋಕವು ತಿಳಿದಿತ್ತು. ಆದರೆ ಈ ರೋಗಿಗಳಿಗೆ ಅದಕ್ಕೆ ತೀರ ವಿರುದ್ಧವಾದ ಇನ್ನೊಂದು ಗಂಡಾಂತರವೂ ಉಂಟು. ರಕ್ತದಲ್ಲಿ ಸಕ್ಕರೆಯು ಇರಬೇಕಾದುದಕ್ಕಿಂತ ಕುಗ್ಗಿಹೋಗುವುದೇ ಅದು. ಅತಿರೇಕವು ವರ್ಷಗಟ್ಟಲೆ ಮೆಲ್ಲಮೆಲ್ಲನೆ ದೇಹವನ್ನು ಕೆಡಿಸಿದರೆ, ಈ ಕುಗ್ಗುವಿಕೆಯು ಗಳಿಗೆಗಳಲ್ಲಿ ಮನುಷ್ಯನನ್ನು ಕೆಡವಬಲ್ಲದು. ಈ ಅಪಾಯವನ್ನು ಮುಂಚಿತವಾಗಿ ತಿಳಿಸುವಂತೆ ನಾಯಿಗಳಿಗೆ ಶಿಕ್ಷಣ ಕೊಡುವ ಪದ್ಧತಿಯೊಂದು ಇತ್ತೀಚಿನ ಕಾಲು ಶತಮಾನದಲ್ಲಿ ಅಮೆರಿಕಾ, ಇಂಗ್ಲೆಂಡು ಮೊದಲಾದ ದೇಶಗಳಲ್ಲಿ ಬೆಳೆದುಬಂದಿದೆ. ಅದು ಹೇಗೆ ಹುಟ್ಟಿತು, ಎಷ್ಟರಮಟ್ಟಿಗೆ ನಂಬತಕ್ಕದ್ದು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ನಾಯಿಗೂ ಮಧುಮೇಹಕ್ಕೂ ಇರುವ ಸಂಬಂಧವು ಈ ಕಾವಲು ಕೆಲಸಕ್ಕಿಂತ ಬಹಳ ಹಿಂದಿನದಾದ್ದರಿಂದ ಕಥೆಯನ್ನು ಅಲ್ಲಿಂದಲೇ ಆರಂಭಿಸಬೇಕು.

೧೮೬೯ರಲ್ಲಿ ಪಾಲ್ ಲಾಂಗರ್‌ಹಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿಯು ಮೇದೋಜೀರಕ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಅದರಲ್ಲಿ ಅಲ್ಲಲ್ಲಿ ದ್ವೀಪಗಳಂತೆ ಬೇರೆಯಾಗಿ ಕಾಣುವ ಕಣಸಮೂಹಗಳನ್ನು ಕಂಡನು. ಅವುಗಳ ಕಾರ್ಯವೇನೆಂಬುದು ಅವನಿಗೆ ಗೊತ್ತಾಗಲಿಲ್ಲ. ಇಪ್ಪತ್ತು ವರ್ಷಗಳ ತರುವಾಯ, ೧೮೮೯ರಲ್ಲಿ, ಸ್ಟ್ರಾಸ್‌ಬರ್ಗ್ ನಗರದಲ್ಲಿ ಜೋಸೆಫ್ ಫಾನ್ ಮೇರಿಂಗ್, ಆಸ್ಕರ್ ಮಿಂಕೋವ್‌ಸ್ಕಿ ಎಂಬ ಇಬ್ಬರು ಪಂಡಿತರು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ಪೂರ್ತಿಯಾಗಿ ಕತ್ತರಿಸಿ ತೆಗೆದರು. ಆ ನಾಯಿಗೆ ತಡೆಯಲಾಗದ ಬಾಯಾರಿಕೆಯೂ ಬಹುಮೂತ್ರವೂ ಉಂಟಾದವು. ಮೂತ್ರವನ್ನು ಪರೀಕ್ಷಿಸಿದಾಗ ಅದರಲ್ಲಿ ಸಕ್ಕರೆಯು ತುಂಬಿತ್ತು. ಮಧುಮೇಹದ ಮೂಲವು ಆ ಗ್ರಂಥಿಯಲ್ಲಿದೆಯೆಂಬ ಸಂಗತಿಯು ಹೀಗೆ ಒಂದು ನಾಯಿಯ ಪ್ರಾಣವನ್ನು ತೆತ್ತು ಲೋಕಕ್ಕೆ ತಿಳಿಯಿತು.

ಈ ಅರಿವಿನ ಫಲವು ಮೂವತ್ತೆರಡು ವರ್ಷಗಳ ಮೇಲೆ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಕೈಗೂಡಿತು. ೧೯೨೧ರ ಬೇಸಗೆಯಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಎಂಬ ಯುವ ಶಸ್ತ್ರವೈದ್ಯನು, ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿಯನ್ನು ಕೂಡಿಕೊಂಡು, ಅಲ್ಲಿನ ವಿಶ್ವವಿದ್ಯಾಲಯದ ಆಚಾರ್ಯ ಮೆಕ್ಲಿಯಡ್ ಎಂಬಾತನ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ತೊಡಗಿದನು. ನಾಯಿಗಳ ಗ್ರಂಥಿಯನ್ನು ತೆಗೆದು ಅವಕ್ಕೆ ಮಧುಮೇಹವನ್ನುಂಟುಮಾಡುವುದು, ಬೇರೆ ನಾಯಿಗಳ ಗ್ರಂಥಿಯಿಂದ ಸಾರವನ್ನಿಳಿಸಿ ಅವಕ್ಕೆ ಚುಚ್ಚುವುದು, ರಕ್ತದ ಸಕ್ಕರೆಯು ಇಳಿಯುವುದೋ ಎಂದು ಅಳೆಯುವುದು, ಇದೇ ಅವರ ನಿತ್ಯಕರ್ಮವಾಯಿತು. ಎಷ್ಟೋ ನಾಯಿಗಳು ಸತ್ತವು. ಮಾರ್ಜೊರಿ ಎಂದು ಹೆಸರಿಟ್ಟಿದ್ದ ಒಂದು ನಾಯಿಯು ತನ್ನ ಗ್ರಂಥಿಯನ್ನು ಕಳೆದುಕೊಂಡ ಮೇಲೆಯೂ ಈ ಸಾರದ ಬಲದಿಂದ ಸುಮಾರು ಎಪ್ಪತ್ತು ದಿನ ಬದುಕಿತು. ೧೯೨೨ರ ಜನವರಿ ೧೧ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಬಾಲಕನಿಗೆ ಆ ಸಾರವನ್ನು ಮೊದಲ ಬಾರಿ ಚುಚ್ಚಿದರು; ಅದರ ಕಲ್ಮಷದಿಂದಾಗಿ ಹೆಚ್ಚು ಫಲ ಕಾಣಲಿಲ್ಲ. ಜೇಮ್ಸ್ ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞನು ಅದನ್ನು ಶೋಧಿಸಿಕೊಟ್ಟ ಮೇಲೆ, ಅದೇ ತಿಂಗಳ ೨೩ರಂದು ಪುನಃ ಚುಚ್ಚಿದಾಗ ಬಾಲಕನು ಚೇತರಿಸಿಕೊಂಡನು. ಸಾವಿನ ಅಂಚಿನಲ್ಲಿದ್ದ ಆ ಹುಡುಗನು ೧೯೩೫ರವರೆಗೆ ಬದುಕಿದನು. ಬ್ಯಾಂಟಿಂಗ್, ಮೆಕ್ಲಿಯಡ್ ಇಬ್ಬರಿಗೂ ೧೯೨೩ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಬ್ಯಾಂಟಿಂಗನು ತನ್ನ ಪಾಲಿನ ಹಣವನ್ನು ಬೆಸ್ಟನೊಡನೆಯೂ, ಮೆಕ್ಲಿಯಡನು ತನ್ನದನ್ನು ಕಾಲಿಪನೊಡನೆಯೂ ಹಂಚಿಕೊಂಡರು.

ಇನ್ಸುಲಿನ್ ಎಂಬ ಈ ಸಂಜೀವಿನಿಯ ಬೆನ್ನಿಗೇ ಅದರ ನೆರಳೂ ಕಾಣಿಸಿಕೊಂಡಿತು. ಕಾಲಿಪನು ತನ್ನ ಸಾರದ ಬಲವನ್ನು ಮೊಲಗಳ ಮೇಲೆ ಪರೀಕ್ಷಿಸುತ್ತಿದ್ದಾಗ, ಕೆಲವು ಮೊಲಗಳು ಸೆಳೆವು ಬಂದಂತೆ ಮೈಯನ್ನು ಸೆಟೆದು ಒದ್ದಾಡತೊಡಗಿದವು. ಸಕ್ಕರೆಯ ದ್ರಾವಣವನ್ನು ಕೊಟ್ಟೊಡನೆ ಅವು ಎದ್ದು ಮೊದಲಿನಂತಾದವು. ಮದ್ದಿನ ಮಾತ್ರೆ ಮೀರಿದರೆ ಸಕ್ಕರೆಯು ಅಗತ್ಯಕ್ಕಿಂತ ಕೆಳಗಿಳಿದು ಪ್ರಾಣಕ್ಕೇ ಅಪಾಯ ತರುವುದೆಂಬುದು ಇದರಿಂದ ವ್ಯಕ್ತವಾಯಿತು. ಮೊಲದ ರಕ್ತದಲ್ಲಿ ಸಕ್ಕರೆಯನ್ನು ಇಳಿಸುವ ಶಕ್ತಿಯನ್ನೇ ಅಳತೆಗೋಲಾಗಿಟ್ಟುಕೊಂಡು ಇನ್ಸುಲಿನ್ನಿನ ಮೊದಲ ಪ್ರಮಾಣವನ್ನು ನಿಗದಿಪಡಿಸಿದ್ದೂ ಆಗಲೇ.

ಆರೋಗ್ಯವಂತನ ದೇಹವು ಉಂಡ ಅನ್ನಕ್ಕೂ ಮಾಡಿದ ಶ್ರಮಕ್ಕೂ ತಕ್ಕಂತೆ ಇನ್ಸುಲಿನ್ನನ್ನು ಕ್ಷಣಕ್ಷಣಕ್ಕೂ ಹೆಚ್ಚುಕಡಿಮೆ ಮಾಡಿಕೊಳ್ಳುತ್ತದೆ. ಹೊರಗಿನಿಂದ ಚುಚ್ಚಿಸಿಕೊಂಡವನಿಗೆ ಈ ಅನುಕೂಲವಿಲ್ಲ. ಊಟ ತಡವಾಯಿತು, ನಡಿಗೆ ಹೆಚ್ಚಾಯಿತು, ಮದ್ದು ಒಂದಿಷ್ಟು ಮಿಗಿಲಾಯಿತು ಎಂದರೆ ಸಕ್ಕರೆಯು ಇಳಿದುಹೋಗುತ್ತದೆ. ಇನ್ಸುಲಿನ್ ಸ್ರವಿಸುವಂತೆ ಗ್ರಂಥಿಯನ್ನು ಪ್ರೇರಿಸುವ ಕೆಲವು ಗುಳಿಗೆಗಳಿಂದಲೂ ಹೀಗಾಗುವುದುಂಟು. ನೂರು ಮಿಲಿಲೀಟರ್ ರಕ್ತದಲ್ಲಿ ಸಕ್ಕರೆಯು ೭೦ ಮಿಲಿಗ್ರಾಂಗಿಂತ ಕೆಳಗಿಳಿದರೆ ಎಚ್ಚರದಿಂದಿರಬೇಕೆಂದೂ, ೫೪ಕ್ಕಿಂತ ಕೆಳಗಿಳಿದರೆ ವಿಳಂಬಕ್ಕೆ ಎಡೆಯಿಲ್ಲವೆಂದೂ ಈಗಿನ ವೈದ್ಯರ ಮತ. ಮೊದಲು ಬೆವರು, ನಡುಕ, ಎದೆಬಡಿತ, ಹಸಿವು ತೋರುತ್ತವೆ. ಮಿದುಳಿಗೆ ಮುಖ್ಯ ಆಹಾರವು ಸಕ್ಕರೆಯೇ ಆದ್ದರಿಂದ, ಅನಂತರ ಮಾತು ತೊದಲುವುದು, ಬುದ್ಧಿ ಮಂಕಾಗುವುದು, ಕಾರಣವಿಲ್ಲದ ಸಿಟ್ಟು, ಕಡೆಗೆ ಸೆಳೆವು, ಮೂರ್ಛೆ.

ಬೆವರು ನಡುಕಗಳು ದೇಹವು ತಾನಾಗಿ ಬಾರಿಸುವ ಎಚ್ಚರಿಕೆಯ ಗಂಟೆ. ದುರದೃಷ್ಟವಶಾತ್, ಅನೇಕ ವರ್ಷ ಇನ್ಸುಲಿನ್ ತೆಗೆದುಕೊಂಡು ಪದೇಪದೇ ಸಕ್ಕರೆ ಇಳಿದವರಲ್ಲಿ ಈ ಗಂಟೆಯು ಕ್ರಮೇಣ ಮೌನವಾಗುತ್ತದೆ. ಅಂಥವನು ಗೆಳೆಯರೊಡನೆ ನಗುತ್ತ ಮಾತಾಡುತ್ತಿದ್ದವನು, ತನಗೆ ಏನೂ ತೋರದೆಯೇ, ಅರೆಗಳಿಗೆಯಲ್ಲಿ ಕುಸಿಯಬಹುದು. ನಿದ್ರೆಯಲ್ಲಂತೂ ಆರೋಗ್ಯದಿಂದಿರುವ ಗಂಟೆಯೂ ಕೇಳಿಸದು. ಮಧುಮೇಹಿಯಾದ ಮಗುವಿನ ತಾಯಿಯು ರಾತ್ರಿ ಎರಡು ಗಂಟೆಗೆ ಎದ್ದು ಅದರ ಹಣೆಯನ್ನು ಮುಟ್ಟಿ ನೋಡುವುದು ಈ ಭಯದಿಂದಲೇ. ೧೯೭೦ರ ದಶಕದ ಕೊನೆಯವರೆಗೂ ಮನೆಯಲ್ಲಿಯೇ ಬೆರಳಿನ ತುದಿಯಿಂದ ರಕ್ತ ತೆಗೆದು ಸಕ್ಕರೆಯನ್ನು ಅಳೆಯುವ ರೂಢಿಯು ಬಳಕೆಗೆ ಬಂದಿರಲಿಲ್ಲ. ಆ ಉಪಕರಣ ಬಂದ ಮೇಲೆಯೂ ಅದು ಕೇಳಿದಾಗ ಮಾತ್ರ ಉತ್ತರ ಹೇಳತಕ್ಕದ್ದು, ನಿದ್ರೆಯಲ್ಲಿರುವವನು ಕೇಳುವುದೆಂತು? ತಾನಾಗಿ ಬಂದು ಎಬ್ಬಿಸುವ ಕಾವಲುಗಾರನೊಬ್ಬನ ಕೊರತೆಯು ಹಾಗೆಯೇ ಉಳಿದಿತ್ತು.

ಪ್ರಾಣಿಗಳನ್ನು ಇಂಥ ಕಾವಲಿಗೆ ಇಡುವ ಭಾವನೆಯು ಭರತಖಂಡದಲ್ಲಿಯೂ ಪುರಾತನವಾದುದು. ಕೌಟಲ್ಯನು ತನ್ನ ಅರ್ಥಶಾಸ್ತ್ರದಲ್ಲಿ, ವಿಷದ ಸಾನ್ನಿಧ್ಯದಲ್ಲಿ ಚಕೋರದ ಕಣ್ಣು ಕೆಂಪಾಗುವುದು, ಕ್ರೌಂಚವು ಮದವೇರಿದಂತೆ ವರ್ತಿಸುವುದು ಮೊದಲಾದ ಲಕ್ಷಣಗಳನ್ನು ಹೇಳಿ, ಅರಸನ ಮನೆಯಲ್ಲಿ ಇಂಥ ಪಕ್ಷಿಗಳನ್ನು ಸಾಕಬೇಕೆಂದು ವಿಧಿಸಿದ್ದಾನೆ. ಋಗ್ವೇದದ ಸರಮೆಯು ಪಣಿಗಳು ಬಚ್ಚಿಟ್ಟ ಗೋವುಗಳ ಜಾಡನ್ನು ಹಿಡಿದು ಹೋದ ದೇವಶುನಿ. ಆಧುನಿಕ ಕಾಲದಲ್ಲಿ ರೋಗಪೀಡಿತರ ಮತ್ತು ಅಂಗವಿಕಲರ ಸೇವೆಗಾಗಿ ನಾಯಿಗೆ ಕ್ರಮವಾದ ಶಿಕ್ಷಣ ಕೊಡುವ ಕಾರ್ಯವು ಮೊದಲನೆಯ ಮಹಾಯುದ್ಧದಲ್ಲಿ ಕುರುಡರಾದ ಸೈನಿಕರ ನಿಮಿತ್ತದಿಂದ ಜರ್ಮನಿಯ ಓಲ್ಡನ್‌ಬರ್ಗಿನಲ್ಲಿ ೧೯೧೬ರಲ್ಲಿ ಆರಂಭವಾಯಿತು. ಅಮೆರಿಕಾದಲ್ಲಿ 'ದಿ ಸೀಯಿಂಗ್ ಐ' ಎಂಬ ಸಂಸ್ಥೆಯು ೧೯೨೯ರಲ್ಲಿ ಹುಟ್ಟಿತು. ಮಧುಮೇಹಿಗಳ ನಾಯಿಯು ಈ ಕುರುಡರ ದಾರಿ ತೋರುವ ನಾಯಿಗಳ ಮನೆತನದಿಂದಲೇ ಬಂದುದೆಂಬುದು ಮುಂದೆ ತಿಳಿಯುವುದು.

ನಾಯಿಯ ಮೂಗಿನ ಶಕ್ತಿಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಹುದು. ಮನುಷ್ಯನ ಮೂಗಿನಲ್ಲಿ ಗಂಧವನ್ನು ಗ್ರಹಿಸುವ ಕಣಗಳು ಐದಾರು ದಶಲಕ್ಷವಿದ್ದರೆ, ನಾಯಿಯಲ್ಲಿ ಅವು ತಳಿಗೆ ತಕ್ಕಂತೆ ಇನ್ನೂರು ಮುನ್ನೂರು ದಶಲಕ್ಷದವರೆಗೆ ಇವೆಯೆಂದು ಲೆಕ್ಕ. ಒಳಗೆಳೆದ ಗಾಳಿಯಲ್ಲಿ ಒಂದು ಪಾಲು ಉಸಿರಾಟದ ದಾರಿಯನ್ನು ಬಿಟ್ಟು ಗಂಧಗ್ರಹಣಕ್ಕೆಂದೇ ಇರುವ ಹಿಂಗೂಡಿಗೆ ಹೋಗುತ್ತದೆ. ಹೊರಬಿಡುವ ಗಾಳಿಯು ಮೂಗಿನ ಪಕ್ಕದ ಸೀಳುಗಳಿಂದ ಹೊರಟುಹೋಗುವುದರಿಂದ ಮುಂದಿನ ಗಂಧವನ್ನು ಅದು ಚದುರಿಸುವುದಿಲ್ಲ. ಈ ಪ್ರಾಣಿಯು ಮನೆಯೊಳಗೆ, ರೋಗಿಯ ಕಾಲಬಳಿಯಲ್ಲಿ, ಹಗಲಿರುಳೂ ಇರತಕ್ಕದ್ದು ಎಂಬುದನ್ನೂ ನೆನಪಿನಲ್ಲಿಡಬೇಕು.

ನಾಯಿಯು ರೋಗವನ್ನು ಮೂಸಿ ತಿಳಿಯಬಲ್ಲದೆಂಬ ವಿಷಯವು ಪಂಡಿತರ ಗಮನಕ್ಕೆ ಬಂದದ್ದು ಸಾಮಾನ್ಯ ಗೃಹಸ್ಥರ ಮೂಲಕ. ೧೯೮೯ರಲ್ಲಿ 'ಲ್ಯಾನ್ಸೆಟ್' ಎಂಬ ಆಂಗ್ಲ ವೈದ್ಯಪತ್ರಿಕೆಗೆ ಇಬ್ಬರು ವೈದ್ಯರು ಒಂದು ಪತ್ರ ಬರೆದರು. ಒಬ್ಬ ಹೆಂಗಸಿನ ಸಾಕುನಾಯಿಯು ಅವಳ ಕಾಲಿನ ಮಚ್ಚೆಯೊಂದನ್ನು ಬಿಡದೆ ಮೂಸುತ್ತಿತ್ತೆಂದೂ, ಪರೀಕ್ಷಿಸಲಾಗಿ ಅದು ಚರ್ಮದ ಅರ್ಬುದರೋಗವೆಂದು ಗೊತ್ತಾಯಿತೆಂದೂ ಅದರ ಸಾರಾಂಶ. ೧೯೯೨ರಲ್ಲಿ ಇಂಗ್ಲೆಂಡಿನ ಕೆಲವು ವೈದ್ಯರು ಮಧುಮೇಹಿಗಳ ಮನೆಯ ಸಾಕುಪ್ರಾಣಿಗಳ ವಿಚಾರವಾಗಿ ಪ್ರಶ್ನೆಗಳನ್ನು ಕಳುಹಿಸಿ ಉತ್ತರಗಳನ್ನು ಸಂಗ್ರಹಿಸಿದರು. ೩೭ ನಾಯಿಗಳ ಪೈಕಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿನವು ಯಜಮಾನನ ಸಕ್ಕರೆಯು ಇಳಿದಾಗ ತಮ್ಮ ನಡತೆಯನ್ನು ಬದಲಾಯಿಸುತ್ತಿದ್ದವೆಂದು ಮನೆಯವರು ತಿಳಿಸಿದರು. ಆ ನಾಯಿಗಳಿಗೆ ಯಾರೂ ಏನನ್ನೂ ಕಲಿಸಿರಲಿಲ್ಲ. ೨೦೦೦ದ ಡಿಸೆಂಬರಿನಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪತ್ರಿಕೆಯಲ್ಲಿ ಮೂರು ನಾಯಿಗಳ ವೃತ್ತಾಂತ ಪ್ರಕಟವಾಯಿತು. ಅವುಗಳಲ್ಲೊಂದು ಯಜಮಾನಿತಿಗೆ ಸಕ್ಕರೆ ಇಳಿಯುತ್ತಲೇ ಓಡಿಹೋಗಿ ಕುರ್ಚಿಯಡಿ ಅವಿತುಕೊಂಡು, ಆಕೆಯು ಏನಾದರೂ ತಿಂದ ಮೇಲೆಯೇ ಹೊರಬರುತ್ತಿತ್ತು. ಇನ್ನೊಂದು ನಿದ್ರಿಸುತ್ತಿದ್ದವಳನ್ನು ಮೂತಿಯಿಂದ ತಿವಿದು ಎಬ್ಬಿಸುತ್ತಿತ್ತು. ಮೂರನೆಯದು ಅತ್ತಿತ್ತ ಸುಳಿದಾಡಿ ತೊಡೆಯ ಮೇಲೆ ತಲೆಯಿಡುತ್ತಿತ್ತು.

ತಾನಾಗಿ ತೋರಿದ ಈ ಗುಣವನ್ನು ಶಿಕ್ಷಣದಿಂದ ಸ್ಥಿರಪಡಿಸಬಹುದೆಂದು ಯೋಚಿಸಿ ಕಾರ್ಯಕ್ಕಿಳಿದವರಲ್ಲಿ ಅಮೆರಿಕಾದ ಕ್ಯಾಲಿಫೋರ್ನಿಯಾದ ಮಾರ್ಕ್ ರೂಫನ್ಯಾಕ್ಟ್ ಎಂಬ ಗೃಹಸ್ಥರು ಮೊದಲಿಗರು. ಸ್ವತಃ ಮಧುಮೇಹಿಯಾದ ಅವರು ಕುರುಡರಿಗೆ ದಾರಿ ತೋರುವ ನಾಯಿಗಳ ಸಂಸ್ಥೆಗಾಗಿ ಮರಿಗಳನ್ನು ತಮ್ಮ ಮನೆಯಲ್ಲಿ ಸಾಕಿಕೊಡುತ್ತಿದ್ದರು. ೧೯೯೯ರಲ್ಲಿ ಪ್ರಯಾಣದಲ್ಲಿದ್ದಾಗ ಒಂದು ರಾತ್ರಿ ನಿದ್ರೆಯಲ್ಲಿಯೇ ಅವರ ಸಕ್ಕರೆಯು ಇಳಿಯಿತು. ಜತೆಯಲ್ಲಿದ್ದ ಬೆಂಟನ್ ಎಂಬ ನಾಯಿಮರಿಯು ಬಿಡದೆ ಎಬ್ಬಿಸಿ ಅವರನ್ನು ಉಳಿಸಿತು. ಮರಿಯು ಗ್ರಹಿಸಿದ್ದೇನು ಎಂಬ ಪ್ರಶ್ನೆಯನ್ನು ಅವರು ಬಿಡಲಿಲ್ಲ. ಆರ್ಮ್‌ಸ್ಟ್ರಾಂಗ್ ಎಂಬ ಲ್ಯಾಬ್ರಡಾರ್ ನಾಯಿಗೆ ಸಕ್ಕರೆ ಇಳಿದಾಗಿನ ಮೈಗಂಧವನ್ನು ಗುರುತಿಸಲು ಕಲಿಸಿದರು. ೨೦೦೩ರಲ್ಲಿ ಶಿಕ್ಷಣ ಪಡೆದ ಈ ನಾಯಿಯನ್ನೇ ಮಧುಮೇಹದ ಮೊದಲ ಕಾವಲುನಾಯಿಯೆಂದು ಎಣಿಸುವುದು ರೂಢಿ. ೨೦೦೪ರಲ್ಲಿ ಅವರು 'ಡಾಗ್ಸ್ ಫಾರ್ ಡಯಾಬೆಟಿಕ್ಸ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಆರು ನಾಯಿಗಳಿಗೆ ಮೂತ್ರಕೋಶದ ಅರ್ಬುದವುಳ್ಳವರ ಮೂತ್ರವನ್ನು ಗುರುತಿಸಲು ಕಲಿಸಿ ಪರೀಕ್ಷಿಸಲಾಯಿತು. ಕಣ್ಣುಮುಚ್ಚಿ ಆರಿಸಿದ್ದರೆ ನೂರಕ್ಕೆ ೧೪ ಸರಿಯಾಗಬೇಕಾದಲ್ಲಿ ಅವು ೪೧ನ್ನು ಸರಿಯಾಗಿ ಆರಿಸಿದವು. ಈ ಕಾರ್ಯದಲ್ಲಿ ಭಾಗಿಗಳಾಗಿದ್ದ ಕ್ಲೇರ್ ಗೆಸ್ಟ್ ಎಂಬ ವಿದುಷಿಯೂ ಜಾನ್ ಚರ್ಚ್ ಎಂಬ ಶಸ್ತ್ರವೈದ್ಯರೂ ಸೇರಿ ೨೦೦೮ರಲ್ಲಿ, ಈಗ 'ಮೆಡಿಕಲ್ ಡಿಟೆಕ್ಷನ್ ಡಾಗ್ಸ್' ಎಂದು ಹೆಸರಾಗಿರುವ ಧರ್ಮಸಂಸ್ಥೆಯನ್ನು ಕಟ್ಟಿದರು.

ಶಿಕ್ಷಣದ ಕ್ರಮವು ಹೀಗಿದೆ. ರೋಗಿಯ ಸಕ್ಕರೆಯು ಇಳಿದಿರುವುದನ್ನು ಉಪಕರಣದಿಂದ ನಿಶ್ಚಯಿಸಿಕೊಂಡು, ಆ ಸಮಯದ ಬೆವರನ್ನೋ ಎಂಜಲನ್ನೋ ಶುಭ್ರವಾದ ಬಟ್ಟೆತುಂಡಿನಲ್ಲಿ ಒತ್ತಿ ತೆಗೆದು, ಮುಚ್ಚಳ ಬಿಗಿದ ಪಾತ್ರೆಯಲ್ಲಿ ಹೆಪ್ಪುಗಟ್ಟುವಷ್ಟು ತಣ್ಣಗಿಡುತ್ತಾರೆ. ಅದೇ ವ್ಯಕ್ತಿಯ ಸಕ್ಕರೆಯು ಸಮವಾಗಿದ್ದಾಗಿನ ಮಾದರಿಯನ್ನೂ ಹಾಗೆಯೇ ಶೇಖರಿಸುತ್ತಾರೆ. ಮೊದಲು ಕೆಲವು ಡಬ್ಬಿಗಳನ್ನು ಸಾಲಾಗಿಟ್ಟು, ಒಂದರಲ್ಲಿ ಮಾತ್ರ ಇಳಿದ ಸಮಯದ ಮಾದರಿಯನ್ನಿಟ್ಟು, ನಾಯಿಯು ಅದನ್ನು ಮೂಸಿದೊಡನೆ ತಿಂಡಿ ಕೊಟ್ಟು ಮೆಚ್ಚಿಕೆ ತೋರುತ್ತಾರೆ. ಬಡಿತ ಗದರಿಕೆಗಳಿಗೆ ಇಲ್ಲಿ ಸ್ಥಳವಿಲ್ಲ. ಅನಂತರ ಮಿಕ್ಕ ಡಬ್ಬಿಗಳಲ್ಲಿ ಸಮಸ್ಥಿತಿಯ ಮಾದರಿಗಳನ್ನಿಡುತ್ತಾರೆ. ನಾಯಿಯು ವ್ಯಕ್ತಿಯ ಗಂಧವನ್ನಲ್ಲದೆ ಅವಸ್ಥೆಯ ಗಂಧವನ್ನು ಬೇರ್ಪಡಿಸಿ ತಿಳಿಯಬೇಕಾದದ್ದು ಈ ಹಂತದಲ್ಲಿ. ಕೆಲವು ಸಲ ಸಾಲಿನಲ್ಲಿ ಯಾವ ಡಬ್ಬಿಯಲ್ಲಿಯೂ ಬೇಕಾದ ಮಾದರಿ ಇರದಂತೆ ಮಾಡಿ, ಇಲ್ಲದ್ದನ್ನು ಇಲ್ಲವೆನ್ನಲೂ ಕಲಿಸುತ್ತಾರೆ.

ಗುರುತಿಸುವುದನ್ನು ಕಲಿತ ಮೇಲೆ ತಿಳಿಸುವುದನ್ನು ಕಲಿಸಬೇಕು. ಮೊಣಕಾಲಿನ ಮೇಲೆ ಪಂಜವಿಡುವುದು, ಮೂತಿಯಿಂದ ತಿವಿಯುವುದು, ಸೊಂಟಕ್ಕೆ ಕಟ್ಟಿದ ಪಟ್ಟಿಯನ್ನು ಬಾಯಲ್ಲಿ ಹಿಡಿದೆಳೆಯುವುದು, ರಕ್ತಪರೀಕ್ಷೆಯ ಚೀಲವನ್ನು ಕಚ್ಚಿ ತರುವುದು, ಇವುಗಳಲ್ಲಿ ಒಂದನ್ನು ಸಂಕೇತವನ್ನಾಗಿ ಮಾಡುತ್ತಾರೆ. ಬಳಿಕ ಮನೆಯಲ್ಲಿ, ಸಂತೆಯಲ್ಲಿ, ವಾಹನದಲ್ಲಿ, ಯಜಮಾನನು ಮಲಗಿದ್ದಾಗ, ಎಲ್ಲೆಲ್ಲಿಯೂ ಅದನ್ನೇ ರೂಢಿಮಾಡಿಸುತ್ತಾರೆ. ಸಕ್ಕರೆ ಇಳಿದವನು ಸಿಡುಕನಾಗಿ ನಾಯಿಯನ್ನು ದೂಡಿಬಿಡುವುದುಂಟು. ಆಗಲೂ ಅದು ಹಟ ಹಿಡಿದು ಮತ್ತೆ ಮತ್ತೆ ತಿಳಿಸಬೇಕು. ವಿಧೇಯತೆಯೇ ಸ್ವಭಾವವಾದ ಪ್ರಾಣಿಗೆ ಯಜಮಾನನ ಮಾತನ್ನು ಮೀರಿ ಯಜಮಾನನನ್ನು ಕಾಯುವುದನ್ನು ಕಲಿಸುವುದು ಈ ವಿದ್ಯೆಯ ಕಠಿಣ ಪಾಠ. ಎಲ್ಲಕ್ಕಿಂತ ಮುಖ್ಯವಾದ ನಿಯಮವು ಯಜಮಾನನಿಗೇ ವಿಧಿಸಿದ್ದು: ನಾಯಿ ತಿಳಿಸಿದೊಡನೆ ಉಪಕರಣದಿಂದ ರಕ್ತವನ್ನು ನೋಡಬೇಕು, ಸಂಖ್ಯೆಯು ನಾಯಿಯ ಮಾತನ್ನು ಸಮರ್ಥಿಸಿದರೆ ಮಾತ್ರ ತಿಂಡಿ ಕೊಡಬೇಕು. ಅಳೆಯದೆ ಕೊಡುತ್ತ ಹೋದರೆ ನಾಯಿಯು ಸಕ್ಕರೆಗಾಗಿ ಪಂಜವೆತ್ತುವುದನ್ನು ಬಿಟ್ಟು ತಿಂಡಿಗಾಗಿ ಎತ್ತಲು ಕಲಿಯುತ್ತದೆ.

ನಾಯಿಯು ಗ್ರಹಿಸುವ ಗಂಧವು ಯಾವುದೆಂಬುದು ಇನ್ನೂ ಪೂರ್ಣವಾಗಿ ನಿರ್ಣಯವಾಗಿಲ್ಲ. ೨೦೧೬ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ಜಿನ ಸಂಶೋಧಕರು ಮೊದಲನೆಯ ಬಗೆಯ ಮಧುಮೇಹವುಳ್ಳ ಎಂಟು ಮಂದಿ ಸ್ತ್ರೀಯರ ಸಕ್ಕರೆಯನ್ನು ಎಚ್ಚರಿಕೆಯಿಂದ ಇಳಿಸಿ ಅವರ ಉಸಿರನ್ನು ಪರೀಕ್ಷಿಸಿದಾಗ, ಐಸೊಪ್ರೀನ್ ಎಂಬ ಆವಿರೂಪದ ದ್ರವ್ಯವು ಗಣನೀಯವಾಗಿ, ಕೆಲವರಲ್ಲಿ ಸುಮಾರು ಇಮ್ಮಡಿಯಾಗಿ, ಏರಿದ್ದು ಕಂಡುಬಂದಿತು. ನಾಯಿಯು ಹಿಡಿಯುವುದು ಅದನ್ನೇ ಇರಬಹುದೆಂದು ಅವರು ಊಹಿಸಿದರು. ಬೇರೆ ದ್ರವ್ಯಗಳ ಮಿಶ್ರಣವಿರಬಹುದೆಂದು ಊಹಿಸಲೂ ಅವಕಾಶವಿದೆ.

ಇನ್ನು ನಂಬಿಕೆಯ ಪ್ರಶ್ನೆ. ಪರ್ವತದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಪ್ರಸಿದ್ಧ ದೃಷ್ಟಾಂತ. ಹೊಗೆಯು ಬೆಂಕಿಯಿಲ್ಲದೆಡೆಯಲ್ಲಿ ಎಂದೂ ಇರದು ಎಂಬ ವ್ಯಾಪ್ತಿಯು ಗಟ್ಟಿಯಾದಾಗ ಮಾತ್ರ ಆ ಅನುಮಾನವು ಪ್ರಮಾಣವಾಗುತ್ತದೆ; ಸಾಧ್ಯವಿಲ್ಲದೆಡೆಯಲ್ಲಿಯೂ ಹೇತುವು ಕಂಡುಬಂದರೆ ಅದಕ್ಕೆ ವ್ಯಭಿಚಾರವೆಂದು ಹೆಸರು. ನಾಯಿಯ ಪಂಜವು ಹೇತು, ಸಕ್ಕರೆಯ ಇಳಿಕೆಯು ಸಾಧ್ಯ. ಇವೆರಡರ ಸಂಬಂಧವು ಎಷ್ಟು ಗಟ್ಟಿ? ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು: ಸಕ್ಕರೆ ಇಳಿದಾಗಲೆಲ್ಲ ನಾಯಿಯು ತಿಳಿಸುವುದೇ? ನಾಯಿ ತಿಳಿಸಿದಾಗಲೆಲ್ಲ ಸಕ್ಕರೆ ಇಳಿದಿರುವುದೇ?

ಪರೀಕ್ಷೆಗಳ ಉತ್ತರವು ಏಕರೂಪವಾಗಿಲ್ಲ. ೨೦೧೩ರಲ್ಲಿ ಅಮೆರಿಕಾದ ಆರೆಗನ್ ಪ್ರಾಂತದಲ್ಲಿ ಮೂರು ಶಿಕ್ಷಿತ ನಾಯಿಗಳಿಗೆ ರೋಗಿಗಳ ಚರ್ಮದಿಂದ ಒತ್ತಿ ತೆಗೆದ ಮಾದರಿಗಳನ್ನು ಮಾತ್ರ ಕೊಟ್ಟಾಗ, ಇಳಿದ ಮಾದರಿಗಳಲ್ಲಿ ನೂರಕ್ಕೆ ೫೬ರಷ್ಟನ್ನು ಮಾತ್ರ ಗುರುತಿಸಿದವು. ನಾಣ್ಯ ಚಿಮ್ಮಿ ನೋಡಿದ್ದಕ್ಕೆ ಇದು ಬಹಳ ಮೇಲಲ್ಲ. ೨೦೧೫ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಆರು ನಾಯಿಗಳು ನೂರಕ್ಕೆ ೫೦ರಿಂದ ೮೭ರವರೆಗೆ ಸರಿಯಾಗಿ ಗುರುತಿಸಿದವು. ೨೦೧೭ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ತಮ್ಮ ನಾಯಿಗಳೊಡನೆ ಮನೆಯಲ್ಲಿಯೇ ವಾಸಿಸುತ್ತಿದ್ದ ಎಂಟು ರೋಗಿಗಳಿಗೆ, ಅಂಕಿಯನ್ನು ಅವರಿಗೆ ತೋರಿಸದ ಅಳತೆಯಂತ್ರವನ್ನು ತೊಡಿಸಿದ್ದರು. ಸಕ್ಕರೆ ಇಳಿದ ನೂರು ಸಂದರ್ಭಗಳಲ್ಲಿ ನಾಯಿಗಳು ತಿಳಿಸಿದ್ದು ೩೬ರಲ್ಲಿ. ತಿಳಿಸಿದ ನೂರರಲ್ಲಿ ಸಕ್ಕರೆ ನಿಜವಾಗಿ ಇಳಿದಿದ್ದದ್ದು ೧೨ರಲ್ಲಿ ಮಾತ್ರ. ೨೦೧೯ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ೨೭ ಶಿಕ್ಷಿತ ನಾಯಿಗಳ, ನಾಲ್ಕು ಸಾವಿರಕ್ಕೂ ಮೀರಿದ ಪ್ರಸಂಗಗಳ ದಾಖಲೆಯನ್ನು ಪರಿಶೀಲಿಸಿದಾಗ ಚಿತ್ರವು ಬೇರೆಯಾಗಿತ್ತು: ಮಧ್ಯಮ ಪ್ರತಿಯ ನಾಯಿಯು ಸಕ್ಕರೆ ಇಳಿದ ಸಂದರ್ಭಗಳಲ್ಲಿ ನೂರಕ್ಕೆ ೮೩ರಷ್ಟನ್ನು ತಿಳಿಸಿತ್ತು, ಅದು ಕೊಟ್ಟ ನೂರು ಎಚ್ಚರಿಕೆಗಳಲ್ಲಿ ೮೧ರಲ್ಲಿ ಸಕ್ಕರೆಯು ಇಳಿದೋ ಏರಿಯೋ ಮೇರೆಯಿಂದ ಹೊರಗಿತ್ತು. ಆದರೆ ಈ ದಾಖಲೆಗಳನ್ನು ಇಟ್ಟವರು ನಾಯಿಯ ಯಜಮಾನರೇ ಎಂಬುದನ್ನೂ, ನಾಯಿನಾಯಿಗೆ ಅಂತರವು ದೊಡ್ಡದಾಗಿತ್ತೆಂಬುದನ್ನೂ ಮರೆಯತಕ್ಕದ್ದಲ್ಲ.

ಈ ವ್ಯತ್ಯಾಸಕ್ಕೆ ಕಾರಣಗಳು ಹಲವು. ಡಬ್ಬಿಯಲ್ಲಿಟ್ಟ ಬಟ್ಟೆತುಂಡು ಜೀವಂತ ದೇಹಕ್ಕೆ ಸಮನಲ್ಲ. ನಾಯಿಯು ಗಂಧದೊಡನೆ ಯಜಮಾನನ ಕೈನಡುಕವನ್ನೂ ದನಿಯನ್ನೂ ನಡಿಗೆಯನ್ನೂ ಓದುತ್ತಿರಬಹುದು. ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆಯು ಲೆಕ್ಕ ಮಾಡಬಲ್ಲದೆಂದು ಪ್ರಸಿದ್ಧವಾಗಿತ್ತು. ಆಸ್ಕರ್ ಫುಂಗ್‌ಸ್ಟ್ ಎಂಬ ವಿದ್ವಾಂಸನು ಅದನ್ನು ಪರೀಕ್ಷಿಸಿ, ಪ್ರಶ್ನೆ ಕೇಳುವವನು ತನಗೇ ಅರಿವಿಲ್ಲದೆ ತಲೆಯನ್ನು ಕೂದಲೆಳೆಯಷ್ಟು ಅಲುಗಿಸುವುದನ್ನು ನೋಡಿ ಅದು ಗೊರಸು ಬಡಿಯುವುದನ್ನು ನಿಲ್ಲಿಸುವುದೆಂದು ೧೯೦೭ರಲ್ಲಿ ತೋರಿಸಿದನು. ಕುದುರೆಯು ಮೋಸ ಮಾಡಲಿಲ್ಲ, ಯಜಮಾನನೂ ಮೋಸ ಮಾಡಲಿಲ್ಲ. ಪರೀಕ್ಷೆಯಿಲ್ಲದ ಮೆಚ್ಚಿಕೆಯೇ ಇಬ್ಬರನ್ನೂ ತಪ್ಪುದಾರಿಗೆಳೆಯಿತು. ಮನುಷ್ಯನ ಸ್ಮರಣೆಗೂ ಒಂದು ದೋಷವುಂಟು. ನಾಯಿಯು ಸರಿಯಾಗಿ ಎಬ್ಬಿಸಿದ ಒಂದು ರಾತ್ರಿಯನ್ನು ಮನೆಯವರು ಜನ್ಮವಿಡೀ ನೆನೆಯುತ್ತಾರೆ. ಅದು ಮಲಗಿಯೇ ಇದ್ದ ನಾಲ್ಕು ರಾತ್ರಿಗಳು ಮರೆತುಹೋಗುತ್ತವೆ.

ಇದು ಪಂಡಿತರ ತರ್ಕಕ್ಕೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ನಾಯಿ ಸುಮ್ಮನಿದೆಯೆಂದು ಧೈರ್ಯದಿಂದ ಮಲಗಿದ ರೋಗಿಗೆ ಅದರ ತಪ್ಪು ಪ್ರಾಣಾಂತಿಕವಾಗಬಹುದು. ಭಯವಿರುವೆಡೆಗೆ ವ್ಯಾಪಾರವೂ ಬರುತ್ತದೆ. ಅಮೆರಿಕಾದಲ್ಲಿ ಸರಿಯಾಗಿ ಶಿಕ್ಷಣ ಪಡೆಯದ ಮರಿಗಳನ್ನು ಇಪ್ಪತ್ತು ಸಾವಿರ ಡಾಲರಿನ ಆಸುಪಾಸಿನ ಬೆಲೆಗೆ, ಎಳೆಯ ಮಧುಮೇಹಿಗಳ ತಂದೆತಾಯಿಗಳಿಗೆ ಮಾರಿದ ಆಪಾದನೆಗಳು ಎದ್ದವು. ೨೦೧೮ರಲ್ಲಿ ವರ್ಜೀನಿಯಾ ಪ್ರಾಂತದ ಸರ್ಕಾರವೇ ಅಂಥ ಒಂದು ವ್ಯಾಪಾರಸಂಸ್ಥೆಯ ಮೇಲೆ ದಾವೆ ಹೂಡಿತು. ಶಿಕ್ಷಣ ಕೊಟ್ಟ ಮೇಲೆಯೂ ವರ್ಷವರ್ಷವೂ ನಾಯಿಯನ್ನು ಪರೀಕ್ಷಿಸುವ ಧರ್ಮಸಂಸ್ಥೆಗಳಿಗೂ, ಹಣ ಕೈಸೇರಿದೊಡನೆ ಮರೆಯಾಗುವವರಿಗೂ ಇರುವ ಅಂತರವನ್ನು ಸಂಕಟದಲ್ಲಿರುವ ಕುಟುಂಬವು ಹೇಗೆ ತಿಳಿಯಬೇಕು? ಲೆಕ್ಕವಿಟ್ಟ ದಾಖಲೆಯೊಂದೇ ಅದಕ್ಕೆ ದಾರಿ.

ಈ ನಡುವೆ ಯಂತ್ರವೂ ಮುಂದುವರಿದಿದೆ. ಚರ್ಮದಡಿ ಕೂದಲಿನಂಥ ತಂತಿಯನ್ನಿಟ್ಟು ಸಕ್ಕರೆಯನ್ನು ಎಡೆಬಿಡದೆ ಅಳೆಯುವ ಮೊದಲ ಯಂತ್ರಕ್ಕೆ ಅಮೆರಿಕಾದಲ್ಲಿ ೧೯೯೯ರಲ್ಲಿ ಅನುಮತಿ ದೊರೆಯಿತು. ಆಗ ವೈದ್ಯನು ಕಳೆದ ದಿನಗಳ ಲೆಕ್ಕವನ್ನು ಮಾತ್ರ ಅದರಿಂದ ನೋಡಬಹುದಾಗಿತ್ತು. ಈಗಿನವು ಕೆಲವೇ ನಿಮಿಷಗಳಿಗೊಮ್ಮೆ ಅಳೆದು, ಸಕ್ಕರೆಯು ಇಳಿಯುವ ಮುನ್ನವೇ ಸದ್ದು ಮಾಡುತ್ತವೆ. ಮೇಲೆ ಹೇಳಿದ ೨೦೧೭ರ ಪರೀಕ್ಷೆಯಲ್ಲಿ ನಾಯಿಯೂ ಯಂತ್ರವೂ ಎರಡೂ ಹಿಡಿದ ಪ್ರಸಂಗಗಳ ಪೈಕಿ ಬಹುಪಾಲಿನಲ್ಲಿ ಯಂತ್ರವೇ ಮುಂದಾಗಿತ್ತು. ಅಂತರವು ಸಾಮಾನ್ಯವಾಗಿ ೨೨ ನಿಮಿಷ. ಹೀಗಿರಲು ನಾಯಿಯಿಂದ ಏನು ಪ್ರಯೋಜನವೆಂದು ಕೇಳಬಹುದು. ಯಂತ್ರದ ಸದ್ದಿಗೆ ಏಳದೆ ಮಲಗುವವರುಂಟು. ಅದನ್ನು ಒತ್ತಿ ನಿಲ್ಲಿಸಿ ಮತ್ತೆ ನಿದ್ರೆ ಹೋಗುವವರುಂಟು. ನಾಯಿಯನ್ನು ಹಾಗೆ ನಿಲ್ಲಿಸಲಾಗದು. ಅದು ಹೊದಿಕೆಯನ್ನೆಳೆದು, ಕೈ ನೆಕ್ಕಿ, ಪಕ್ಕದ ಕೋಣೆಯವರನ್ನು ಕರೆತರಬಲ್ಲದು. ಒಂಟಿಯಾಗಿರುವ ರೋಗಿಯು ಅದರೊಡನೆ ಮನೆಯಿಂದ ಹೊರಬರಲು ಧೈರ್ಯ ತಾಳುತ್ತಾನೆ. ಆದಕಾರಣ ಅಳತೆಯ ಕೆಲಸವನ್ನು ಯಂತ್ರಕ್ಕೆ ಬಿಟ್ಟು, ಅದರ ಜತೆಗೆ ನಾಯಿಯನ್ನು ಇರಿಸಿಕೊಳ್ಳುವುದು ಉಚಿತ. ಯಂತ್ರವನ್ನು ಬಿಟ್ಟು ನಾಯಿಯೊಂದನ್ನೇ ನೆಚ್ಚುವುದು ಉಚಿತವಲ್ಲ.

ನಾಯಿಯೂ ಯಂತ್ರವೂ ಇಲ್ಲದ ಮನೆಗ�ಳಲ್ಲಿ ಆ ಕಾವಲು ಮನೆಯವರ ಪಾಲಿನದು. ಇನ್ಸುಲಿನ್ನನ್ನೋ ಅಂಥ ಗುಳಿಗೆಯನ್ನೋ ತೆಗೆದುಕೊಳ್ಳುವವರು ಊಟದ ಹೊತ್ತು ಮೀರಿ ಬೆವರಿದರೆ, ನಡುಗಿದರೆ, ಅಕಾರಣವಾಗಿ ಸಿಡುಕಿದರೆ, ಅದನ್ನು ಸ್ವಭಾವದ ದೋಷವೆಂದು ಎಣಿಸದೆ ರಕ್ತವನ್ನು ನೋಡತಕ್ಕದ್ದು. ನೋಡಲು ಸಾಧನವಿಲ್ಲದಿದ್ದರೆ ಇಳಿದಿದೆಯೆಂದೇ ಭಾವಿಸಿ ಮೂರು ನಾಲ್ಕು ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದ ಮೇಲೆ ಮತ್ತೆ ವಿಚಾರಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ಅದು ಶ್ವಾಸನಾಳಕ್ಕೆ ಇಳಿದೀತು. ಅವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಡಮಾಡದೆ ವೈದ್ಯರನ್ನು ಸೇರಿಸಬೇಕು.

ಸ್ಟ್ರಾಸ್‌ಬರ್ಗಿನ ನಾಯಿಯು ರೋಗದ ಮೂಲವನ್ನು ತೋರಿಸಿಕೊಟ್ಟಿತು. ಟೊರಾಂಟೋವಿನ ನಾಯಿಗಳು ಮದ್ದನ್ನು ತೋರಿಸಿಕೊಟ್ಟವು. ಆ ಮದ್ದಿನಿಂದಲೇ ಹುಟ್ಟಿದ ಅಪಾಯವನ್ನು ಕಾಯಲು ಅದೇ ಕುಲದ ಪ್ರಾಣಿಯು ಮೂರನೆಯ ಬಾರಿ ಬಂದು ನಿಂತಿದೆ. ಮೊದಲೆರಡು ಸಲ ಅದರ ಪ್ರಾಣವನ್ನು ಮನುಷ್ಯನು ಕೇಳದೆ ತೆಗೆದುಕೊಂಡನು; ಈ ಸಲ ಪ್ರೀತಿಯಿಂದ ಕಲಿಸಿ ಅದರ ಸೇವೆಯನ್ನು ಪಡೆಯುತ್ತಿದ್ದಾನೆ. ಈ ಋಣಕ್ಕೆ ಪ್ರತಿಯಾಗಿ ಅದಕ್ಕಿಲ್ಲದ ಸರ್ವಜ್ಞತೆಯನ್ನು ಅದರ ತಲೆಗೆ ಕಟ್ಟಬೇಕಾಗಿಲ್ಲ. ಅದು ಪಂಜವೆತ್ತಿದಾಗ ಎದ್ದು ರಕ್ತವನ್ನು ಅಳೆದು ನೋಡಿದರೆ, ಅದರ ಮಾತಿಗೆ ಸಲ್ಲಬೇಕಾದ ಗೌರವವು ಸಂದಂತಾಯಿತು.